ಮೂರನೇ ಪುಟದ ಹೆಸರು

ಬಾಗಿಲಲ್ಲಿ ವೆಲ್ಡರನ ಹೆಂಡತಿ ಕಂಡದ್ದೇ ತಡ, ಸಂಪಾದಕರು ಮೇಜಿನ ಮೇಲಿದ್ದ ಹಳೆಯ ಸಂಚಿಕೆಯನ್ನು ಸರಕ್ಕನೆ ಡ್ರಾಯರಿಗೆ ತಳ್ಳಿದರು.

ಹಡಗು ಕಟ್ಟುವ ಕಾರ್ಖಾನೆಯ ಕುಶಲ ಕೆಲಸಗಾರರ ಸಂಘಕ್ಕೆ ಐವತ್ತು ತುಂಬುತ್ತಿತ್ತು. ಅದರ ಮಾಸಪತ್ರಿಕೆಯನ್ನು ಮೊದಲಿನಿಂದಲೂ ನಡೆಸಿದವರು ಅವರೇ. ಸಂಘದ ಚರಿತ್ರೆ ಬರೆಯುವ ಕೆಲಸವೂ ಅವರ ಹೆಗಲಿಗೇ ಬಿದ್ದಿತ್ತು. ಉಳಿದ ಅಧ್ಯಾಯಗಳೆಲ್ಲ ಮುಗಿದಿದ್ದವು. ದೊಡ್ಡ ಮುಷ್ಕರದ್ದಕ್ಕೆ ಬಂದರೆ ಮಾತ್ರ ಪೆನ್ನು ಓಡುತ್ತಿರಲಿಲ್ಲ.

ಮೂವತ್ತು ವರ್ಷದ ಹಿಂದೆ, ಗುಟ್ಟಾಗಿಟ್ಟಿದ್ದ ಮುಷ್ಕರದ ದಿನವನ್ನು ಯಾರೋ ಕಂಪನಿಗೆ ತಿಳಿಸಿದ್ದರು. ಹಿಂದಿನ ದಿನವೇ ಗೇಟಿಗೆ ಬೀಗ ಬಿತ್ತು. ನಲವತ್ತು ಜನ ಕೆಲಸ ಕಳೆದುಕೊಂಡರು. ಕಂಪನಿಗೆ ಹೋದ ಚೀಟಿ ಹೇಗೋ ಸಂಘದ ಕೈಗೆ ಬಂತು. ಪತ್ರಿಕೆಯ ಕರಡು ಹಾಳೆಯ ಹಿಂಬದಿಯಲ್ಲಿ ಬರೆದದ್ದು. ತಿದ್ದಲೆಂದು ಆ ಹಾಳೆಯನ್ನು ಮನೆಗೆ ಒಯ್ದಿದ್ದವನು ಪತ್ರಿಕೆಯ ಕೆಲಸಕ್ಕೆ ನೆರವಾಗುತ್ತಿದ್ದ ವೆಲ್ಡರ್ ಒಬ್ಬನೇ. ಆದರೆ ಅಕ್ಷರ ಅವನದಲ್ಲ. ಅದು ಸಂಪಾದಕರಿಗೆ ನೋಡಿದೊಡನೆ ಗೊತ್ತಾಗಿತ್ತು. ಸಿಟ್ಟಿಗೆದ್ದ ಜನಕ್ಕೆ ಒಂದು ಹೆಸರು ಬೇಕಿತ್ತು. ಈಗ ಡ್ರಾಯರು ಸೇರಿದ ಆ ಸಂಚಿಕೆಯ ಮೂರನೇ ಪುಟದಲ್ಲಿ, ದಪ್ಪಕ್ಷರದಲ್ಲಿ, 'ದ್ರೋಹಿ' ಎಂದು ಸಂಪಾದಕರು ಅವನ ಹೆಸರು ಹಾಕಿದರು.

ವೆಲ್ಡರ್ ಸದಸ್ಯತ್ವದ ಕಾರ್ಡನ್ನು ಮೇಜಿನ ಮೇಲಿಟ್ಟು ಹೋದ. ಆಮೇಲೆ ಮನೆಮನೆಯ ಕಿಟಕಿ ಸರಳು ಬೆಸೆಯುತ್ತ ಬದುಕಿದ. ಹಳೆಯ ಗೆಳೆಯರು ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಹೋದ ತಿಂಗಳು ತೀರಿಕೊಂಡ. ಸಂಘದಿಂದ ಒಬ್ಬರೂ ಹೋಗಲಿಲ್ಲ. ಸಂಪಾದಕರು ಅವನ ಬೀದಿಯ ತಿರುವಿನವರೆಗೆ ನಡೆದು ಹಿಂದಿರುಗಿದ್ದರು.

"ಪುಸ್ತಕ ಬರ್ತಿದೆಯಂತಲ್ಲ ಅಣ್ಣ." ಆಕೆ ಕುರ್ಚಿಯ ತುದಿಯಲ್ಲಿ ಕೂತಳು. "ಇವರ ವಿಷಯ ಅದ್ರಲ್ಲಿ ಇರುತ್ತಾ?"

ಸಂಪಾದಕರಿಗೆ ಇನ್ನು ತಡೆಯಲಾಗಲಿಲ್ಲ. "ತಪ್ಪು ನನ್ನದಮ್ಮ. ಅಕ್ಷರ ಅವನದಲ್ಲ ಅಂತ ಗೊತ್ತಿದ್ದೂ ಅವನ ಹೆಸರು ಹಾಕಿದೆ. ಯಾವ ಮುಖ ಇಟ್ಕೊಂಡು ಕ್ಷಮೆ ಕೇಳಲಿ? ಈ ಸಲ ತಿದ್ದಿ ಬರೀತೀನಿ."

ಆಕೆಗೆ ಸಮಾಧಾನವಾದಂತೆ ಕಾಣಲಿಲ್ಲ. ಮುಖ ಇನ್ನಷ್ಟು ಇಳಿಯಿತು.

"ತಿದ್ದಿ ಅಂತ ಕೇಳೋಕೇ ಬಂದೆ. ತಾನು ಇರೋವರೆಗೂ ನಾನು ಬಾಯಿ ಬಿಡಬಾರದು ಅಂತ ಇವರು ಆಣೆ ಹಾಕಿಸ್ಕೊಂಡಿದ್ರು."

"ಹಾಗಾದ್ರೆ ಬರೆದದ್ದು ಯಾರು ಅಂತ ಅವನಿಗೆ ಗೊತ್ತಿತ್ತಾ?"

"ಆ ದೊಡ್ಡ ಮುಷ್ಕರಕ್ಕೂ ಹಿಂದಿನದರಲ್ಲಿ ಔಷಧಿಗೆ ದಾರಿಯಿಲ್ಲದೆ ನಮ್ಮ ಮೊದಲ ಮಗು ಹೋಯ್ತು. ದೊಡ್ಡ ಮುಷ್ಕರದ ಹೊತ್ತಿಗೆ ಎರಡನೇದು ನನ್ನ ಹೊಟ್ಟೇಲಿತ್ತು ಅಣ್ಣ." ಆಕೆ ತಲೆ ಎತ್ತಲಿಲ್ಲ.

"ಅವರ ಹೆಸರು ತೆಗೆದು ನನ್ನದು ಹಾಕಿ."