ನೀಲಪ್ಪನ ಪಂಪು

ಆಸ್ಪತ್ರೆಯಲ್ಲಿ ಹಳೆಯ ಔಷಧಿ ಹಾಕುವ ಹಳದಿ ಡಬ್ಬಿಯ ಮುಂದೆ ಬಂದು ನಿಂತರೂ ಅನ್ನವ್ವನ ಮುಷ್ಟಿ ಬಿಚ್ಚಲಿಲ್ಲ. ಮುಷ್ಟಿಯೊಳಗಿದ್ದದ್ದು ತೀರಿಹೋದ ಗಂಡ ನೀಲಪ್ಪನ ಉಬ್ಬಸದ ಪಂಪು. ಅವನ ಎಲೆ-ಅಡಿಕೆಯ ಸಂಚಿಯಲ್ಲೇ ಇದ್ದ ಅದಕ್ಕೆ ಇನ್ನೂ ಸವಣೂರಿನ ಎಲೆತೋಟದ ವಾಸನೆಯಿತ್ತು.

"ತಾರೀಖು ಮುಗದೈತ್ರಿ ಅವ್ವಾ," ಎಂದಳು ನರ್ಸ್ ಶಬೀನಾ. "ಒಲಿಗೆ ಹಾಕಿದ್ರ ಸಿಡಿತೈತಿ, ತಿಪ್ಪಿಗೆ ಒಗದ್ರ ಹುಡುಗ್ರು ಬಾಯಾಗ ಇಟ್ಕೊಂತಾವ. ಇದರಾಗ ಹಾಕಿಬಿಡ್ರಿ."

"ಒಮ್ಮೆ ಒತ್ತಲೇನ ಯವ್ವಾ?"

"ಬಾಯಿಗೆ ಬ್ಯಾಡ್ರಿ. ಗಾಳ್ಯಾಗ ಒತ್ರಿ."

ಪುಸ್ಸೆಂದಿತು. ಕಿಟಕಿಯ ಬಿಸಿಲಿನಲ್ಲಿ ಬೆಳ್ಳನೆಯ ಹೊಗೆ ಎದ್ದು, ತೋಟದ ಮುಂಜಾವಿನ ಮಂಜಿನಂತೆ ತೇಲತೊಡಗಿತು. ಅದರಾಚೆ, ಎಲೆಬಳ್ಳಿಗಳ ನಡುವೆ, ನೀಲಪ್ಪ ಪಂಪು ಎಳೆದು, ಕಣ್ಣು ಮುಚ್ಚಿ, ಉಸಿರು ಕಟ್ಟಿ ನಿಂತಿದ್ದ. ಅವನು ಹಾಗೆ ನಿಂತಾಗಲೆಲ್ಲ ಅವಳೂ ಉಸಿರು ಹಿಡಿಯುತ್ತಿದ್ದಳು. ಅವನು ಬಿಟ್ಟ ಮೇಲೆಯೇ ತಾನೂ ಬಿಡುತ್ತಿದ್ದಳು. ಈಗಲೂ ಹಿಡಿದಳು, ಕಾದಳು. ಮಂಜು ತೆಳುವಾಯಿತು. ಬಳ್ಳಿಗಳು ಕರಗಿದವು. ಅವನು ಮಾತ್ರ ಉಸಿರು ಬಿಡದೆ ಹಾಗೇ ನಿಂತಿದ್ದ.

"ಉಸಿರು ಬಿಡ್ರಿ ಅವ್ವಾ," ಎನ್ನುತ್ತ ಶಬೀನಾ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಮೊದಲ ಸಲ, ಅವನಿಗೆ ಕಾಯದೆ, ಅನ್ನವ್ವ ಉಸಿರು ಬಿಟ್ಟಳು. ಅದರ ಜೊತೆಗೇ ಬೆರಳುಗಳೂ ಬಿಚ್ಚಿಕೊಂಡವು.