ಎದುರುಮನೆಯ ವೈಫೈ

"ಯಾರ ನೆಟ್ಟು ಇದು?"

ಬಾಲ್ಕನಿಯಲ್ಲಿ ಒಣಹಾಕಿದ ಸೀರೆಯ ಮರೆಗೆ ಕೂತಿದ್ದ ಸುಗಂಧಿ ಬೆಚ್ಚಿಬಿದ್ದಳು. ಗಂಡ ಸ್ನಾನಕ್ಕೆ ಹೋಗಿದ್ದಾನೆ ಎಂದುಕೊಂಡಿದ್ದಳು. ಅವಳ ಕೈಯಲ್ಲಿದ್ದದ್ದು ಅವನು ಬಳಸಿ ಬಿಟ್ಟ ಹಳೆಯ ಫೋನು. ಗಾಜು ಒಡೆದಿತ್ತು, ಸಿಮ್ ಇರಲಿಲ್ಲ.

ಮಾಧವ ಕೈ ಚಾಚಿದ. ಅವಳು ಕೊಟ್ಟಳು.

"ಅಕ್ಕನಿಗೆ ಎಂತ ಬರೀತಾ ಇದ್ದದ್ದು?"

"ಎಂತ ಇಲ್ಲ. ಹೇಗಿದ್ದೀ ಅಂತ ಕೇಳುವಾ ಅಂತ."

"ಕಳಿಸಿ ಆಯ್ತಾ?"

"ಇಲ್ಲ. ಈಗಷ್ಟೇ ಸಿಗ್ನಲ್ ಸಿಕ್ಕಿದ್ದು."

ಅವನು ಪರದೆಯ ಮೇಲಿದ್ದುದನ್ನು ಪೂರ್ತಿ ಓದಿದ. ಆಮೇಲೆ ಓಣಿಯಾಚೆಯ ಹಳದಿ ಮನೆಯತ್ತ ತಿರುಗಿದ. ಅಲ್ಲಿ ನಿವೃತ್ತ ಮೇಷ್ಟ್ರು ವಿಶ್ವನಾಥ ಬಾಬು ಒಬ್ಬರೇ ಇದ್ದರು. ಅವರ ವೈಫೈಗೆ ಪಾಸ್‌ವರ್ಡ್ ಇರಲಿಲ್ಲ.

"ಕೇಳದೆ ತಗೊಂಡ್ರೆ ಅದು ಕಳ್ಳತನ. ನಡಿ, ಕ್ಷಮೆ ಕೇಳಿ ಬರುವ."

ಉಡುಪಿ ಕಡೆಯ ಮಾಧವ ಬ್ಯಾಂಕಿನ ಕೆಲಸದ ಮೇಲೆ ಕೊಲ್ಕತ್ತಾಕ್ಕೆ ಬಂದವನು. ದಕ್ಷಿಣೇಶ್ವರದ ಆ ಓಣಿಯಲ್ಲಿ ಅವನ ಬಗ್ಗೆ ಎಲ್ಲರಿಗೂ ಗೌರವ. ಮೆಟ್ರೋದಲ್ಲಿ ಹಿರಿಯರ ಸೀಟು ಖಾಲಿಯಿದ್ದರೂ ಕೂರುವವನಲ್ಲ. ಹುಷಾರಿಲ್ಲದ ಹೆಂಡತಿಗೆ ತೊಂದರೆ ಆಗದಿರಲೆಂದು ಮೀನು, ತರಕಾರಿ ಎಲ್ಲ ತಾನೇ ತರುತ್ತಾನೆ. ಇಂಥ ಗಂಡ ಎಲ್ಲರಿಗೂ ಸಿಗುತ್ತಾನೆಯೇ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು.

ಸುಗಂಧಿ ಸೆಕೆಯಲ್ಲೂ ಉದ್ದ ತೋಳಿನ ಕುರ್ತಾ ಹಾಕಿಕೊಂಡಳು. ಮಾಧವ ಮಗಳು ಖುಷಿಯನ್ನು ಎತ್ತಿಕೊಂಡ.

"ಕೊಡಿ, ನಾನೇ ಎತ್ತಿಕೊಳ್ತೇನೆ."

"ಬೇಡ. ನನ್ನ ಹತ್ರವೇ ಇರಲಿ."

ವಿಶ್ವನಾಥ ಬಾಬು ಬಾಗಿಲು ತೆರೆದವರೇ ಹಿಗ್ಗಿದರು. "ಅರೆ, ಬೌಮಾ! ನಮ್ಮ ಓಣಿಯ ಸೊಸೆಯ ಮುಖ ಇವತ್ತಾದರೂ ನೋಡಿದ ಹಾಗಾಯಿತು. ಮೈ ಈಗ ಹೇಗಿದೆ?"

"ಪರವಾಗಿಲ್ಲ, ಕಾಕು. ನರಗಳ ತೊಂದರೆ ಅಲ್ವಾ, ಒಂದೊಂದು ದಿನ ಒಂದೊಂದು ಥರ," ಎಂದ ಮಾಧವ. ಮುದುಕರನ್ನು ಅವನು ಬಂಗಾಳಿಯಲ್ಲಿ ಕಾಕು, ಚಿಕ್ಕಪ್ಪ, ಎಂದೇ ಕರೆಯುತ್ತಿದ್ದ.

ಮುದುಕರು ಸಂದೇಶ್ ಮಿಠಾಯಿಯ ತಟ್ಟೆ ತಂದಿಟ್ಟರು. ವಿಷಯ ಕೇಳಿ ಗಟ್ಟಿಯಾಗಿ ನಕ್ಕರು.

"ಇದಕ್ಕೆ ಕ್ಷಮೆಯೇ? ನಾನು ಬೇಕೆಂದೇ ತೆರೆದಿಟ್ಟಿದ್ದೇನೆ. ಚಹಾದಂಗಡಿಯವನೂ ಬಳಸುತ್ತಾನೆ. ಬೌಮಾ ಬಳಸಿದರೆ ನನಗೇನು ಕಡಿಮೆಯಾಗುತ್ತದೆ?"

"ಹಾಗಲ್ಲ ಕಾಕು. ನಾಳೆ ಯಾರೋ ನಿಮ್ಮ ನೆಟ್ಟಿನಿಂದ ಏನೋ ಕಳಿಸಿದರೆ, ಪೊಲೀಸರು ಬರೋದು ನಿಮ್ಮ ಬಾಗಿಲಿಗೆ."

ಪೊಲೀಸ್ ಎಂಬ ಮಾತಿಗೆ ಸುಗಂಧಿ ತಲೆಯೆತ್ತಿದಳು. ಮುದುಕರ ನಗೆಯೂ ನಿಂತಿತು.

"ನಿಜವೇ?"

"ಬ್ಯಾಂಕಿನಲ್ಲಿ ದಿನಾ ನೋಡ್ತೇವೆ. ಕೊಡಿ ಫೋನು, ನಾನೇ ಪಾಸ್‌ವರ್ಡ್ ಹಾಕಿಕೊಡ್ತೇನೆ. ಅದನ್ನು ಯಾರಿಗೂ ಹೇಳಬೇಡಿ. ನಮ್ಮ ಮನೆಯವರಿಗೂ."

ವಿಶ್ವನಾಥ ಬಾಬು ಫೋನು ಮುಂದೆ ಹಿಡಿದರು.

"ಅಂಕಲ್," ಎಂದಳು ಸುಗಂಧಿ. ಅವಳಿಗೆ ಬಂಗಾಳಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. "ಬಂದ್ ಮತ್ ಕೀಜಿಯೇ. ಪ್ಲೀಸ್." ಮುಚ್ಚಬೇಡಿ ಎಂದು ಬೇಡಿಕೊಂಡಳು.

ಮುದುಕರ ಕೈ ಅರ್ಧದಲ್ಲೇ ನಿಂತಿತು. "ಯಾಕಮ್ಮಾ? ಏನಾದರೂ ಬೇಕಿತ್ತೇ?"

ಮಾಧವ ಖುಷಿಯನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿ, ಮಗಳ ಕೆನ್ನೆ ಮೆಲ್ಲಗೆ ಹಿಂಡಿದ. ಮಗು ಅಪ್ಪನ ಕತ್ತು ತಬ್ಬಿಕೊಂಡಿತು. ಸುಗಂಧಿ ಅದನ್ನೇ ನೋಡಿದಳು.

"ಸೀರಿಯಲ್," ಎಂದಳು. "ಸೀರಿಯಲ್ ನೋಡಲಿಕ್ಕೆ."

ಅವಳ ಕಣ್ಣು ತುಂಬಿತು. ಸೀರಿಯಲ್ಲಿಗಾಗಿ ಅಳುವ ಹೆಂಗಸನ್ನು ಕಂಡು ಮುದುಕರಿಗೆ ಪಾಪವೆನಿಸಿತು, ನಗುವೂ ಬಂತು. "ಗಂಡ ಹೇಳುವುದು ನಿನ್ನ ಒಳ್ಳೆಯದಕ್ಕೇ, ಬೌಮಾ," ಎಂದು ತಲೆ ಸವರಿದರು. ಆ ಕೈ ತಲೆಯ ಮೇಲಿರುವಷ್ಟು ಹೊತ್ತು ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಮಾಧವನ ಬೆರಳು ಪರದೆಯ ಮೇಲೆ ಚುರುಕಾಗಿ ಓಡಿತು. "ಆಯ್ತು, ಕಾಕು. ಇನ್ನು ಚಿಂತೆ ಇಲ್ಲ."

ಮನೆಗೆ ಬಂದ ಮೇಲೆ ಅವನು ಬೈಯಲಿಲ್ಲ. ಹಳೆಯ ಫೋನನ್ನು ಅವಳ ಮಡಿಲಿಗೆ ಹಾಕಿದ. "ಇಟ್ಟುಕೋ. ಖುಷಿಗೆ ಫೋಟೋ ತೋರಿಸು."

ಸುಗಂಧಿ ಮತ್ತೆ ಬಾಲ್ಕನಿಗೆ ಹೋಗಿ ನೋಡಿದಳು. ಎದುರುಮನೆಯ ವೈಫೈ ಪಾಸ್‌ವರ್ಡ್ ಕೇಳುತ್ತಿತ್ತು. ತೋಚಿದ್ದನ್ನೆಲ್ಲ ಹಾಕಿದಳು. ಮಗಳ ಹೆಸರು, ದೇವರ ಹೆಸರು, ಊರಿನ ಹೆಸರು. ಯಾವುದಕ್ಕೂ ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ವಿಶ್ವನಾಥ ಬಾಬು ಚಹಾದಂಗಡಿಯಲ್ಲಿ ಕೂತಿದ್ದರು. ಮಾಧವ ಎಸ್‌ಪ್ಲನೇಡಿನ ಬ್ಯಾಂಕಿಗೆ ಹೊರಟು ಬರುವುದನ್ನು ಕಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ನೋಡಿ, ಇಂಥವರಿರುವುದರಿಂದಲೇ ನಮ್ಮ ಓಣಿ, ನಮ್ಮ ಪಾಡಾ ಇನ್ನೂ ಚೆನ್ನಾಗಿರುವುದು."

ಮಾಧವ ನಾಚಿ ನಕ್ಕು, ಕೈ ಮುಗಿದು, ಮೆಟ್ರೋ ಕಡೆಗೆ ನಡೆದ. ಈ ಊರಿಗೆ ಬಂದಂದಿನಿಂದ ಪ್ರತಿದಿನವೂ ಮಾಡುವಂತೆ, ಹೆಂಡತಿಯನ್ನೂ ಮಗಳನ್ನೂ ಮನೆಯೊಳಗೆ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು.