ಐದು ಗಂಟೆಯ ನೆರಳು

ಆ ಊರಿನಲ್ಲಿ ಯಾರೂ ಗೋಡೆಗೆ ಸುಣ್ಣ ಬಳಿಯುತ್ತಿರಲಿಲ್ಲ. ಮನೆಮನೆಯ ಗ್ರಾಫಿಕ್ಸ್ ಕಾರ್ಡು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಗೋಡೆಯ ಮೇಲೆ ಬಣ್ಣ ಮೂಡಿಸುತ್ತಿತ್ತು. ನೀಲವ್ವನ ಪಡಸಾಲೆಯ ಗೋಡೆ ತಡವರಿಸುತ್ತಿದೆಯೆಂದು ರಿಪೇರಿಗೆ ಬಂದ ಇಂದುಧರ, ಕಸುಬಿನ ರೂಢಿಯಂತೆ, ಮಧ್ಯಾಹ್ನವಿಡೀ ಏನನ್ನೂ ಮೂಡಿಸದೆ ಕುಳಿತಿದ್ದ ಒಂದು ಸಾಲನ್ನು ಗೋಡೆಯ ಕಂಪ್ಯೂಟರ್ ಕೋಡಿನಿಂದ ಅಳಿಸಿಹಾಕಿದ. ಗೋಡೆ ಚುರುಕಾಯಿತು.

“ಚಾ ಕುಡದು ಹೋಗೋ ತಮ್ಮಾ. ಐದಕ್ಕ ನಮ್ಮ ಮನಿಯವರು ಬರ್ತಾರ,” ಎಂದಳು ನೀಲವ್ವ.

“ಎಲ್ಲಿಗೆ ಹೋಗ್ಯಾರ್ರೀ?”

“ತೀರಿಕೊಂಡು ಮೂರು ವರ್ಷಾತು. ಈ ಗೋಡಿ ಕೋಡು ಬರದವ್ರು ಅವರ. ದಿನಾ ಐದಕ್ಕ ಅವರ ನೆರಳು ಮೂಡ್ತದ.”

ಇಂದುಧರ ಲೋಟ ಕೆಳಗಿಟ್ಟು ಕೋಡನ್ನು ಮತ್ತೆ ತೆರೆದ. ಅಳಿಸಿದ ಸಾಲಿನ ಪ್ರತಿ ಅವನಲ್ಲಿರಲಿಲ್ಲ. ಅದರ ಒಂದಕ್ಷರವೂ ನೆನಪಾಗಲಿಲ್ಲ.

ಐದು ಹೊಡೆಯಿತು. ಗೋಡೆ ಕಲೆಯಿಲ್ಲದೆ ಹೊಳೆಯುತ್ತಿತ್ತು.

“ಇವತ್ತ ತಡಾ ಮಾಡ್ಯಾರ,” ಎನ್ನುತ್ತ ನೀಲವ್ವ ಗಂಡನಿಗೆಂದು ಚಾ ತುಂಬಿಟ್ಟಿದ್ದ ಲೋಟದ ಮೇಲೆ ತಟ್ಟೆ ಮುಚ್ಚಿದಳು.